ಸಣ್ಣ ಸಾವಯವ ಅಣುಗಳ ಉತ್ತೇಜಿತ ಎಲೆಕ್ಟ್ರಾನ್ ಸ್ಥಿತಿಗಳ ಗಣನೆ: ಸಾರ್ವಜನಿಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬೆಳಕನ್ನು ಹೀರಿಕೊಂಡ ಅಣುವಿನಲ್ಲಿ ಎಲೆಕ್ಟ್ರಾನುಗಳು ತಾತ್ಕಾಲಿಕವಾಗಿ ಪಡೆಯುವ ಹೆಚ್ಚಿನ ಶಕ್ತಿಯ ಸ್ಥಿತಿಯನ್ನು ಉತ್ತೇಜಿತ ಸ್ಥಿತಿ ಎಂದು ಕರೆಯಲಾಗುತ್ತದೆ. ಸದರಿ ಸ್ಥಿತಿಗಳ ಶಕ್ತಿ, ಸ್ವರೂಪ ಮತ್ತು ಆಯುಷ್ಯವನ್ನು ಕ್ವಾಂಟಂ ರಸಾಯನಶಾಸ್ತ್ರದ ನಿಯಮಗಳ ಆಧಾರದ ಮೇಲೆ ಗಣಕಯಂತ್ರದ ಮೂಲಕ ಲೆಕ್ಕ ಹಾಕುವ ಬಗೆಯನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಅರಿಶಿನದ ಕಲೆ ತಾಗಿದ ಬಿಳಿಯ ಬಟ್ಟೆಯನ್ನು ಬಿಸಿಲಿಗೆ ಹರವಿದಲ್ಲಿ ಕಲೆಯು ಕ್ರಮೇಣ ಮಾಸುವುದು ಪ್ರತಿ ಮನೆಯಲ್ಲಿಯೂ ಕಂಡುಬರುವ ಸಂಗತಿಯಾಗಿರುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಣುವು ಸುಮಾರು 425 ನ್ಯಾನೋಮೀಟರ್ ತರಂಗಾಂತರದ ನೇರಳೆ-ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಹಳದಿಯಾಗಿ ಕಾಣುತ್ತದೆ. ಹಾಗೆ ಹೀರಿಕೊಂಡ ಶಕ್ತಿಯೇ ಅಣುವನ್ನು ಒಡೆಯುವುದರಿಂದ ಬಣ್ಣವು ಅಳಿಯುತ್ತದೆ. ಬಣ್ಣ ಕಾಣುವುದಕ್ಕೂ ಬಣ್ಣ ಮಾಸುವುದಕ್ಕೂ ಉತ್ತೇಜಿತ ಸ್ಥಿತಿಯೇ ಕಾರಣವೆಂಬುದನ್ನು ಈ ಉದಾಹರಣೆಯಿಂದ ತಿಳಿಯಬಹುದಾಗಿದೆ.

2. ಯಾರಿಗೆ ಉಪಯುಕ್ತ

ವಿಜ್ಞಾನ ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳು, ಕಾಲೇಜು ಅಧ್ಯಾಪಕರು, ಬಣ್ಣ, ಔಷಧ ಮತ್ತು ಸೌಂದರ್ಯವರ್ಧಕ ತಯಾರಿಕೆಯಲ್ಲಿ ತೊಡಗಿರುವ ಸಣ್ಣ ಉದ್ದಿಮೆದಾರರು, ಸಂಶೋಧನಾ ನೆರವು ಅಥವಾ ಗಣನಾ ಸೌಲಭ್ಯವನ್ನು ಕೋರಿ ಯಾವುದೇ ಸಂಸ್ಥೆಗೆ ಅರ್ಜಿ ಸಲ್ಲಿಸಲು ಉದ್ದೇಶಿಸಿರುವವರು ಈ ಮಾಹಿತಿಯನ್ನು ಬಳಸಿಕೊಳ್ಳಬಹುದಾಗಿದೆ. ತಪ್ಪು ವಿಧಾನವನ್ನು ಆರಿಸಿಕೊಂಡಲ್ಲಿ ಗಣಕಯಂತ್ರವು ತಪ್ಪನ್ನು ಸೂಚಿಸುವುದಿಲ್ಲ. ಅಚ್ಚುಕಟ್ಟಾದ, ಆದರೆ ತಪ್ಪಾದ ಸಂಖ್ಯೆಯನ್ನು ನೀಡುತ್ತದೆ. ಅಂತಹ ಸಂಖ್ಯೆಯನ್ನು ನಂಬಿ ಪ್ರಯೋಗಾಲಯದಲ್ಲಿ ಅಣುವನ್ನು ತಯಾರಿಸಲು ತೊಡಗಿದಲ್ಲಿ ತಿಂಗಳುಗಳ ಶ್ರಮವೂ ಹಣವೂ ವ್ಯರ್ಥವಾಗುತ್ತವೆ.

3. ಶಕ್ತಿಯ ಮಾನಗಳು

ಉತ್ತೇಜನ ಶಕ್ತಿಯನ್ನು ಸಾಮಾನ್ಯವಾಗಿ ಎಲೆಕ್ಟ್ರಾನ್ ವೋಲ್ಟ್ ಮಾನದಲ್ಲಿ ಹೇಳಲಾಗುತ್ತದೆ. ಒಂದು ಎಲೆಕ್ಟ್ರಾನ್ ವೋಲ್ಟ್ ಎಂದರೆ ಮೋಲ್ ಒಂದಕ್ಕೆ 96.485 ಕಿಲೋಜೌಲ್. 1239.84 ಎಂಬ ಸಂಖ್ಯೆಯನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿರುವ ಶಕ್ತಿಯಿಂದ ಭಾಗಿಸಿದಲ್ಲಿ ತರಂಗಾಂತರವು ನ್ಯಾನೋಮೀಟರ್‌ಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ, 3.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯು 400 ನ್ಯಾನೋಮೀಟರ್‌ಗೆ ಸಮನಾಗಿರುತ್ತದೆ. ಗಣನೆಯಲ್ಲಿ 0.3 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಕೊರತೆಯಾಗಿ 2.8 ಎಂದು ಬಂದಲ್ಲಿ ತರಂಗಾಂತರವು ಸುಮಾರು 443 ನ್ಯಾನೋಮೀಟರ್ ಆಗುತ್ತದೆ. ಅಂದರೆ, ಅತಿನೇರಳೆಯ ಅಂಚಿನಲ್ಲಿ ಹೀರುವ ಬಹುತೇಕ ಬಣ್ಣವಿಲ್ಲದ ವಸ್ತುವನ್ನು ಸ್ಪಷ್ಟ ಹಳದಿ ವಸ್ತುವೆಂದು ತಪ್ಪಾಗಿ ತಿಳಿದಂತಾಗುತ್ತದೆ.

4. ಸಾರ್ವಜನಿಕ ಮಹತ್ವ

(ಅ) ಬಿಸಿಲಿನಿಂದ ಚರ್ಮದ ರಕ್ಷಣೆ: ಬಿಸಿಲು ತಡೆಯುವ ಲೇಪನಗಳಲ್ಲಿ ಬಳಸುವ ಅವೊಬೆಂಜೋನ್ ಎಂಬ ಅಣುವು ಸುಮಾರು 357 ನ್ಯಾನೋಮೀಟರ್ ಬಳಿ ಅತಿನೇರಳೆ ಕಿರಣವನ್ನು ಹೀರಿಕೊಳ್ಳುತ್ತದೆ. ಬೆಳಕಿಗೆ ಒಡ್ಡಿದಾಗ ಇದರ ಒಂದು ಭಾಗವು ಬೇರೊಂದು ರೂಪಕ್ಕೆ ಪರಿವರ್ತನೆಯಾಗಿ ಆ ಪ್ರದೇಶದಲ್ಲಿ ಹೀರುವ ಗುಣವನ್ನು ಕಳೆದುಕೊಳ್ಳುತ್ತದೆ. ಯಾವ ಅಣು ಹೀರಿಕೊಂಡ ಶಕ್ತಿಯನ್ನು ನಿರಪಾಯಕಾರಿಯಾಗಿ ಶಾಖವಾಗಿಸಬಲ್ಲದು ಎಂಬುದನ್ನು ತಿಳಿಯಲು ಉತ್ತೇಜಿತ ಸ್ಥಿತಿಗಳ ಗಣನೆಯು ನೆರವಾಗುತ್ತದೆ.

(ಆ) ದೀಪ ಮತ್ತು ಪರದೆಗಳು: ಸಾವಯವ ಅಣುಗಳಿಂದ ಬೆಳಗುವ ಮೊಬೈಲ್ ಹಾಗೂ ದೂರದರ್ಶನ ಪರದೆಗಳಲ್ಲಿ ವಿದ್ಯುತ್ತಿನಿಂದ ಉಂಟಾಗುವ ಉತ್ತೇಜಿತ ಸ್ಥಿತಿಗಳ ಪೈಕಿ ಶೇಕಡ 25ರಷ್ಟು ಸಿಂಗ್ಲೆಟ್ ಮತ್ತು ಶೇಕಡ 75ರಷ್ಟು ಟ್ರಿಪ್ಲೆಟ್ ಸ್ಥಿತಿಗಳಾಗಿರುತ್ತವೆ. ಸಾಮಾನ್ಯ ಸಾವಯವ ಅಣುವಿನಲ್ಲಿ ಟ್ರಿಪ್ಲೆಟ್ ಸ್ಥಿತಿಯಿಂದ ಬೆಳಕು ಬಹುತೇಕ ಹೊರಡುವುದಿಲ್ಲ. ಇವೆರಡರ ನಡುವಿನ ಶಕ್ತಿಯ ಅಂತರವನ್ನು ಬಹಳ ಕಡಿಮೆ ಮಾಡಿದಲ್ಲಿ ಟ್ರಿಪ್ಲೆಟ್ ಸ್ಥಿತಿಗಳನ್ನೂ ಬೆಳಕಾಗಿಸಬಹುದೆಂದು ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಚಿಹಾಯ ಅಡಾಚಿ ಅವರ ತಂಡವು 2012ರಲ್ಲಿ ತೋರಿಸಿಕೊಟ್ಟಿತು.

(ಇ) ವಾಯು ಗುಣಮಟ್ಟ: ಗಾಳಿಯಲ್ಲಿರುವ ಫಾರ್ಮಾಲ್ಡಿಹೈಡ್ ಸೂರ್ಯನ ಬೆಳಕಿನಿಂದ ಒಡೆದು, ಒಂದು ಮಾರ್ಗದಲ್ಲಿ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅನ್ನು, ಇನ್ನೊಂದು ಮಾರ್ಗದಲ್ಲಿ ಚುರುಕಾದ ಮುಕ್ತಕಣಗಳನ್ನು ಉಂಟುಮಾಡುತ್ತದೆ. ಸದರಿ ಮುಕ್ತಕಣಗಳು ನೆಲಮಟ್ಟದ ಓಝೋನ್ ಮಾಲಿನ್ಯಕ್ಕೆ ಕಾರಣವಾಗುತ್ತವೆ.

5. ಗಣನೆಯ ಮೂಲ ತತ್ವ

ಅಣುವಿನಲ್ಲಿರುವ ಎಲೆಕ್ಟ್ರಾನುಗಳ ವರ್ತನೆಯನ್ನು ಶ್ರೋಡಿಂಗರ್ ಸಮೀಕರಣವು ನಿರ್ಧರಿಸುತ್ತದೆ. ಪರಮಾಣು ಬೀಜಗಳು ಎಲೆಕ್ಟ್ರಾನುಗಳಿಗಿಂತ ಬಹಳ ಭಾರವಾಗಿರುವುದರಿಂದ ಅವುಗಳನ್ನು ನಿಶ್ಚಲವೆಂದು ಭಾವಿಸಿ ಎಲೆಕ್ಟ್ರಾನುಗಳ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬಹುದೆಂದು ಮ್ಯಾಕ್ಸ್ ಬಾರ್ನ್ ಮತ್ತು ರಾಬರ್ಟ್ ಓಪನ್‌ಹೈಮರ್ 1927ರಲ್ಲಿ ತಿಳಿಸಿದರು. ಇಂದಿಗೂ ಬಹುತೇಕ ಗಣನೆಗಳು ಇದೇ ಆಧಾರದ ಮೇಲೆ ನಡೆಯುತ್ತವೆ.

ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳಿರುವ ಅಣುವಿಗೆ ಈ ಸಮೀಕರಣವನ್ನು ನಿಖರವಾಗಿ ಬಿಡಿಸಲು ಸಾಧ್ಯವಾಗದೇ ಇರುವುದರಿಂದ ಅಂದಾಜು ವಿಧಾನಗಳನ್ನು ಅನುಸರಿಸಲಾಗುತ್ತದೆ. ಇಲ್ಲಿ ಒಂದು ತೊಡಕನ್ನು ಗಮನಿಸಬೇಕಾಗಿದೆ. 16 ಎಲೆಕ್ಟ್ರಾನುಗಳುಳ್ಳ ಫಾರ್ಮಾಲ್ಡಿಹೈಡ್ ಅಣುವಿನ ಒಟ್ಟು ಎಲೆಕ್ಟ್ರಾನ್ ಶಕ್ತಿಯ ಪ್ರಮಾಣವು 3,100 ಎಲೆಕ್ಟ್ರಾನ್ ವೋಲ್ಟ್‌ಗಿಂತ ಅಧಿಕ. ಅದರ ಮೊದಲ ಉತ್ತೇಜನ ಶಕ್ತಿಯು ಕೇವಲ 4 ಎಲೆಕ್ಟ್ರಾನ್ ವೋಲ್ಟ್. ಎರಡು ಬೃಹತ್ ಮೊತ್ತಗಳ ನಡುವಿನ ಅತ್ಯಲ್ಪ ವ್ಯತ್ಯಾಸವನ್ನು ಕಂಡುಹಿಡಿಯಬೇಕಾಗಿರುವುದರಿಂದ, ಎರಡೂ ಮೊತ್ತಗಳಲ್ಲಿನ ದೋಷವು ಒಂದೇ ಪ್ರಮಾಣದಲ್ಲಿದ್ದು ಕಳೆದಾಗ ರದ್ದಾಗುವಂತಹ ವಿಧಾನವನ್ನು ಆರಿಸಿಕೊಳ್ಳುವುದು ಅತ್ಯಗತ್ಯವಾಗಿರುತ್ತದೆ. ತಳಸ್ಥಿತಿಯನ್ನು ಚೆನ್ನಾಗಿ, ಉತ್ತೇಜಿತ ಸ್ಥಿತಿಯನ್ನು ಕಳಪೆಯಾಗಿ ವರ್ಣಿಸುವ ವಿಧಾನದಿಂದ ಸರಿಯಾದ ವ್ಯತ್ಯಾಸ ದೊರೆಯುವುದಿಲ್ಲ.

6. ಬಳಕೆಯಲ್ಲಿರುವ ಪ್ರಮುಖ ವಿಧಾನಗಳು

(ಅ) ಸಿ.ಐ.ಎಸ್.: ತಳಸ್ಥಿತಿಯಿಂದ ಒಂದೇ ಎಲೆಕ್ಟ್ರಾನನ್ನು ಮೇಲಿನ ಕಕ್ಷಕಕ್ಕೆ ಏರಿಸಿದ ವಿನ್ಯಾಸಗಳನ್ನು ಮಾತ್ರ ಪರಿಗಣಿಸುವ ಸರಳ ವಿಧಾನವಾಗಿರುತ್ತದೆ. ಎಲೆಕ್ಟ್ರಾನುಗಳು ಪರಸ್ಪರ ದೂರವಿರಲು ತೋರುವ ಹೊಂದಾಣಿಕೆಯನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಶಕ್ತಿಯನ್ನು ಸಾಮಾನ್ಯವಾಗಿ 0.5ರಿಂದ 1 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಹೆಚ್ಚಾಗಿ ತೋರಿಸುತ್ತದೆ.

(ಆ) ಕಾಲಾವಲಂಬಿ ಸಾಂದ್ರತಾ ಸಿದ್ಧಾಂತ: ಅಣುವಿನ ಎಲ್ಲ ಗುಣಗಳನ್ನೂ ಎಲೆಕ್ಟ್ರಾನ್ ಸಾಂದ್ರತೆಯಿಂದಲೇ ಪಡೆಯಬಹುದೆಂಬ ತತ್ವವನ್ನು 1964 ಮತ್ತು 1965ರಲ್ಲಿ ವಾಲ್ಟರ್ ಕೋನ್ ಹಾಗೂ ಅವರ ಸಹೋದ್ಯೋಗಿಗಳು ಸ್ಥಾಪಿಸಿದರು. 1984ರಲ್ಲಿ ರುಂಗೆ ಮತ್ತು ಗ್ರಾಸ್ ಇದನ್ನು ಕಾಲದೊಂದಿಗೆ ಬದಲಾಗುವ ಸಂದರ್ಭಕ್ಕೆ ವಿಸ್ತರಿಸಿದರು. 1995ರಲ್ಲಿ ಮಾರ್ಕ್ ಕಸಿಡಾ ಇದನ್ನು ಅಣುಗಳ ಉತ್ತೇಜನ ಶಕ್ತಿಗೆ ಅನ್ವಯಿಸುವ ಸಮೀಕರಣಗಳನ್ನು ನೀಡಿದರು. ವೆಚ್ಚ ಕಡಿಮೆ ಇರುವುದರಿಂದ ಇದು ಅತ್ಯಂತ ವ್ಯಾಪಕ ಬಳಕೆಯಲ್ಲಿದೆ. ಸಾಮಾನ್ಯ ಸ್ಥಿತಿಗಳಿಗೆ ದೋಷವು ಸುಮಾರು 0.2ರಿಂದ 0.3 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಆದರೆ ಫಲಿತಾಂಶವು ಆಯ್ದುಕೊಂಡ ಫಂಕ್ಷನಲ್ ಮೇಲೆ ಅವಲಂಬಿತವಾಗಿರುತ್ತದೆ.

(ಇ) ಎ.ಡಿ.ಸಿ.(2) ಮತ್ತು ಸಿ.ಸಿ.2: ಇವು ಮಧ್ಯಮ ವೆಚ್ಚದ, ಸಣ್ಣ ಹಾಗೂ ಮಧ್ಯಮ ಗಾತ್ರದ ಅಣುಗಳಿಗೆ ಒಪ್ಪುವ ವಿಧಾನಗಳು. ಮೊದಲನೆಯದನ್ನು 1982ರಲ್ಲಿ ಯೋಖೆನ್ ಶಿರ್ಮರ್ ಅವರು, ಎರಡನೆಯದನ್ನು 1995ರಲ್ಲಿ ಕ್ರಿಶ್ಚಿಯನ್‌ಸೆನ್, ಕೋಕ್ ಮತ್ತು ಯೋರ್ಗೆನ್‌ಸೆನ್ ಅವರು ರೂಪಿಸಿದರು.

(ಈ) ಕಪಲ್ಡ್ ಕ್ಲಸ್ಟರ್ ವರ್ಗ: ಎಲೆಕ್ಟ್ರಾನುಗಳ ಪರಸ್ಪರ ಹೊಂದಾಣಿಕೆಯನ್ನು ಕ್ರಮಬದ್ಧವಾಗಿ ಸೇರಿಸುವ ವಿಧಾನಗಳು. ಉತ್ತೇಜನ ಶಕ್ತಿಯನ್ನು ಈ ಸಿದ್ಧಾಂತದಿಂದ ನೇರವಾಗಿ ಪಡೆಯುವ ಮಾರ್ಗವನ್ನು ರೂಪಿಸಿದವರಲ್ಲಿ ಕೊಲ್ಕತ್ತದ ದೇಬಾಶಿಸ್ ಮುಖರ್ಜಿ ಅವರೂ ಒಬ್ಬರೆಂಬುದು ಗಮನಾರ್ಹ. ಅವರ ಈ ಕುರಿತ ಆರಂಭಿಕ ಲೇಖನವು 1979ರಲ್ಲಿ ಪ್ರಕಟವಾಯಿತು. ಇ.ಓ.ಎಂ.-ಸಿ.ಸಿ.ಎಸ್.ಡಿ. ಎಂಬ ಪ್ರಚಲಿತ ರೂಪವನ್ನು ಸ್ಟಾಂಟನ್ ಮತ್ತು ಬಾರ್ಟ್‌ಲೆಟ್ 1993ರಲ್ಲಿ ವಿವರಿಸಿದರು. ಇನ್ನೂ ಮೇಲಿನ ಸಿ.ಸಿ.3 ವಿಧಾನವು ಸಣ್ಣ ಅಣುಗಳಿಗೆ ಪ್ರಮಾಣಕವಾಗಿ ಬಳಕೆಯಾಗುತ್ತದೆ.

(ಉ) ಬಹುವಿನ್ಯಾಸ ವಿಧಾನಗಳು: ಬಂಧಗಳು ಮುರಿಯುವಾಗ, ಅಥವಾ ಎರಡು ಸ್ಥಿತಿಗಳು ಒಂದೇ ಶಕ್ತಿಗೆ ಸಮೀಪಿಸುವಾಗ, ಒಂದೇ ವಿನ್ಯಾಸದಿಂದ ಆರಂಭಿಸುವ ಮೇಲ್ಕಂಡ ವಿಧಾನಗಳು ಸಾಲುವುದಿಲ್ಲ. ಅಂತಹ ಸಂದರ್ಭಗಳಿಗೆ ಸ್ವೀಡನ್ನಿನ ಬಿಯೋರ್ನ್ ರೂಸ್ ಮತ್ತು ಸಂಗಡಿಗರು ಅಭಿವೃದ್ಧಿಪಡಿಸಿದ ಸಿ.ಎ.ಎಸ್.ಎಸ್.ಸಿ.ಎಫ್. ಹಾಗೂ ಸಿ.ಎ.ಎಸ್.ಪಿ.ಟಿ.2 ವಿಧಾನಗಳನ್ನು ಅನುಸರಿಸಲಾಗುತ್ತದೆ. ಇವುಗಳಲ್ಲಿ ಯಾವ ಕಕ್ಷಕಗಳನ್ನು ಸೇರಿಸಬೇಕೆಂಬ ತೀರ್ಮಾನವನ್ನು ಬಳಕೆದಾರರೇ ಮಾಡಬೇಕಾಗಿರುವುದರಿಂದ ಅನುಭವ ಅಗತ್ಯ.

7. ವೆಚ್ಚದ ಲೆಕ್ಕಾಚಾರ

ಅಣುವಿನ ಗಾತ್ರವು ಎರಡು ಪಟ್ಟಾದಲ್ಲಿ ಗಣನೆಯ ಕಾಲವು ಎಷ್ಟು ಪಟ್ಟು ಏರುತ್ತದೆ ಎಂಬುದನ್ನು ಸಿದ್ಧಾಂತದ ಪ್ರಕಾರ ಈ ಕೆಳಕಂಡಂತೆ ತಿಳಿಯಬಹುದು.

ಸಿ.ಐ.ಎಸ್. ಮತ್ತು ಕಾಲಾವಲಂಬಿ ಸಾಂದ್ರತಾ ಸಿದ್ಧಾಂತ: 16 ಪಟ್ಟು
ಎ.ಡಿ.ಸಿ.(2) ಮತ್ತು ಸಿ.ಸಿ.2: 32 ಪಟ್ಟು
ಇ.ಓ.ಎಂ.-ಸಿ.ಸಿ.ಎಸ್.ಡಿ.: 64 ಪಟ್ಟು
ಸಿ.ಸಿ.3: 128 ಪಟ್ಟು

ಅಂದರೆ, ಒಂದು ಅಣುವಿಗೆ ಸಿ.ಸಿ.3 ವಿಧಾನದಲ್ಲಿ ಒಂದು ಗಂಟೆ ತಗುಲಿದಲ್ಲಿ, ಅದರ ಎರಡರಷ್ಟು ದೊಡ್ಡ ಅಣುವಿಗೆ ಐದು ದಿನಗಳಿಗಿಂತ ಅಧಿಕ ಕಾಲ ಬೇಕಾಗುತ್ತದೆ. ಗಣನಾ ಸಮಯವನ್ನು ಕೋರುವ ಅರ್ಜಿದಾರರು ಈ ಅಂಶವನ್ನು ಮುಂಚಿತವಾಗಿಯೇ ಪರಿಗಣಿಸುವುದು ಸೂಕ್ತ.

8. ದೃಷ್ಟಾಂತ: ಫಾರ್ಮಾಲ್ಡಿಹೈಡ್

ಈ ಅಣುವಿನ ಮೊದಲ ಉತ್ತೇಜನದಲ್ಲಿ ಆಮ್ಲಜನಕದ ಮೇಲಿರುವ ಬಂಧರಹಿತ ಜೋಡಿಯ ಒಂದು ಎಲೆಕ್ಟ್ರಾನು ಇಂಗಾಲ-ಆಮ್ಲಜನಕ ಬಂಧದ ಪೈ-ಸ್ಟಾರ್ ಕಕ್ಷಕಕ್ಕೆ ಏರುತ್ತದೆ. ಬೀಜಗಳ ಸ್ಥಾನವನ್ನು ಬದಲಿಸದೆ ಲೆಕ್ಕ ಹಾಕಿದ ಲಂಬ ಉತ್ತೇಜನ ಶಕ್ತಿಯು ಉನ್ನತ ವಿಧಾನಗಳ ಪ್ರಕಾರ 3.98 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 312 ನ್ಯಾನೋಮೀಟರ್. ಆದರೆ ಪ್ರಯೋಗದಲ್ಲಿ ಹೀರಿಕೆ ಪಟ್ಟಿಯ ಆರಂಭವು ಸುಮಾರು 3.49 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಅಂದರೆ 355 ನ್ಯಾನೋಮೀಟರ್ ಬಳಿ ಕಾಣುತ್ತದೆ.

ಈ ಎರಡು ಸಂಖ್ಯೆಗಳ ಅಂತರವನ್ನು ಗಣನೆಯ ದೋಷವೆಂದು ಭಾವಿಸತಕ್ಕದ್ದಲ್ಲ. ಉತ್ತೇಜಿತ ಸ್ಥಿತಿಯಲ್ಲಿ ಇಂಗಾಲ-ಆಮ್ಲಜನಕ ಬಂಧವು 1.21 ಆಂಗ್‌ಸ್ಟ್ರಾಂನಿಂದ ಸುಮಾರು 1.32 ಆಂಗ್‌ಸ್ಟ್ರಾಂಗೆ ಹಿಗ್ಗುತ್ತದೆ. ಸಮತಟ್ಟಾಗಿದ್ದ ಅಣುವು ಪಿರಮಿಡ್ಡಿನಂತೆ ಬಾಗುತ್ತದೆ. ಹೀಗೆ ಆಕಾರ ಬದಲಾದ ನಂತರದ ಕಡಿಮೆ ಶಕ್ತಿಯನ್ನೂ ಕಂಪನಗಳ ಶಕ್ತಿಯನ್ನೂ ಪ್ರಯೋಗದ ಸಂಖ್ಯೆಯು ಒಳಗೊಂಡಿರುತ್ತದೆ. ಆದುದರಿಂದ ಲಂಬ ಶಕ್ತಿಯನ್ನು ಪಟ್ಟಿಯ ಆರಂಭದೊಂದಿಗೆ ನೇರವಾಗಿ ಹೋಲಿಸುವಂತಿಲ್ಲ. ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ಇದಾಗಿರುತ್ತದೆ.

ಇದೇ ಉತ್ತೇಜನದ ತೀವ್ರತೆಯು ಲೆಕ್ಕದಲ್ಲಿ ಶೂನ್ಯವೆಂದು ಬರುತ್ತದೆ. ಅಣುವಿನ ಸಮ್ಮಿತಿಯ ಕಾರಣದಿಂದ ಸದರಿ ಪರಿವರ್ತನೆಗೆ ಅವಕಾಶವಿರುವುದಿಲ್ಲ. ಅಣುವಿನ ಕಂಪನಗಳು ಸಮ್ಮಿತಿಯನ್ನು ಸ್ವಲ್ಪ ಕೆಡಿಸುವುದರಿಂದ ಪ್ರಯೋಗದಲ್ಲಿ ಕ್ಷೀಣ ಪಟ್ಟಿಯೊಂದು ಕಂಡುಬರುತ್ತದೆ.

9. ವಿಧಾನಗಳು ವಿಫಲವಾಗುವ ಸಂದರ್ಭಗಳು

(ಅ) ವಿದ್ಯುದಂಶ ವರ್ಗಾವಣೆ: ಎಲೆಕ್ಟ್ರಾನು ಅಣುವಿನ ಒಂದು ಭಾಗದಿಂದ ದೂರದ ಇನ್ನೊಂದು ಭಾಗಕ್ಕೆ ಸಾಗುವ ಸ್ಥಿತಿಗಳಿಗೆ ಸಾಮಾನ್ಯ ಫಂಕ್ಷನಲ್‌ಗಳು ಶಕ್ತಿಯನ್ನು ಬಹಳ ಕಡಿಮೆಯಾಗಿ ತೋರಿಸುತ್ತವೆ. ಈ ದೋಷವನ್ನು ಡ್ರ್ಯೂ, ಹೆಡ್-ಗಾರ್ಡನ್ ಮೊದಲಾದವರು 2003ರಲ್ಲಿ ವಿಶ್ಲೇಷಿಸಿದರು. 2004ರಲ್ಲಿ ಪ್ರಕಟವಾದ ಕ್ಯಾಮ್-ಬಿ3ಎಲ್‌ವೈಪಿ ಮೊದಲಾದ ದೂರವ್ಯಾಪ್ತಿ ತಿದ್ದುಪಡಿಯುಳ್ಳ ಫಂಕ್ಷನಲ್‌ಗಳನ್ನು ಇಂತಹ ಕಡೆ ಬಳಸಲಾಗುತ್ತದೆ.

(ಆ) ಜೋಡಿ ಉತ್ತೇಜನ: ಕ್ಯಾರೆಟ್ಟಿನ ಬಣ್ಣದ ಅಣುವಿನಂತೆ ಒಂಟಿ ಮತ್ತು ಜೋಡಿ ಬಂಧಗಳು ಸರದಿಯಾಗಿ ಬರುವ ಉದ್ದ ಸರಪಳಿಗಳಲ್ಲಿ, ಬೆಳಕನ್ನು ಬಲವಾಗಿ ಹೀರುವ ಸ್ಥಿತಿಗಿಂತ ಕೆಳಗೆ ಬೆಳಕಿಗೆ ಕಾಣದ ಇನ್ನೊಂದು ಸ್ಥಿತಿ ಇರುವುದನ್ನು 1972ರಲ್ಲಿ ಹಡ್ಸನ್ ಮತ್ತು ಕೋಹ್ಲರ್ ಪ್ರಯೋಗದಿಂದ ಕಂಡುಕೊಂಡರು. ಎರಡು ಎಲೆಕ್ಟ್ರಾನುಗಳು ಒಟ್ಟಿಗೆ ಏರಿದ ಅಂಶವು ಈ ಸ್ಥಿತಿಯಲ್ಲಿ ಗಣನೀಯವಾಗಿರುವುದರಿಂದ, ಒಂದೇ ಎಲೆಕ್ಟ್ರಾನಿನ ಉತ್ತೇಜನವನ್ನು ಆಧರಿಸಿದ ವಿಧಾನಗಳು ಇದನ್ನು ಸರಿಯಾಗಿ ವರ್ಣಿಸಲಾರವು. ಇಂತಹ ಸರಪಳಿ ಅಣುಗಳ ಸ್ಥಿತಿಗಳ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷ ಅವರ ತಂಡವು ದೀರ್ಘಕಾಲ ಅಧ್ಯಯನ ನಡೆಸಿದೆ.

(ಇ) ಹರಡಿದ ಸ್ಥಿತಿಗಳು: ಎಲೆಕ್ಟ್ರಾನು ಅಣುವಿನಿಂದ ಬಹು ದೂರಕ್ಕೆ ಹರಡುವ ರಿಡ್‌ಬರ್ಗ್ ಸ್ಥಿತಿಗಳನ್ನು ಲೆಕ್ಕ ಹಾಕಲು ಬೇಸಿಸ್ ಸೆಟ್‌ನಲ್ಲಿ ಹರಡಿದ ಫಲನಗಳು ಇರಲೇಬೇಕು. ಫಾರ್ಮಾಲ್ಡಿಹೈಡ್‌ನಲ್ಲಿ ಸುಮಾರು 7.1 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಇಂತಹ ಸ್ಥಿತಿ ಇರುತ್ತದೆ. ಸಣ್ಣ ಬೇಸಿಸ್ ಸೆಟ್ ಬಳಸಿದಲ್ಲಿ ಅದು ತೀರ ತಪ್ಪಾದ ಶಕ್ತಿಯಲ್ಲಿ ಬರುತ್ತದೆ.

(ಈ) ದ್ರಾವಕದ ಪ್ರಭಾವ: ಅಸಿಟೋನ್‌ನ ಹೀರಿಕೆಯು ಹೆಕ್ಸೇನ್‌ನಲ್ಲಿ ಸುಮಾರು 279 ನ್ಯಾನೋಮೀಟರ್ ಇದ್ದು, ನೀರಿನಲ್ಲಿ ಸುಮಾರು 265 ನ್ಯಾನೋಮೀಟರ್‌ಗೆ ಸರಿಯುತ್ತದೆ. ನೀರಿನ ಅಣುಗಳು ಆಮ್ಲಜನಕದೊಂದಿಗೆ ಹೈಡ್ರೋಜನ್ ಬಂಧವನ್ನು ಏರ್ಪಡಿಸಿ ತಳಸ್ಥಿತಿಯನ್ನು ಹೆಚ್ಚು ಸ್ಥಿರಗೊಳಿಸುವುದು ಇದಕ್ಕೆ ಮುಖ್ಯ ಕಾರಣ. ನಿರ್ವಾತದಲ್ಲಿ ಮಾಡಿದ ಲೆಕ್ಕವನ್ನು ದ್ರಾವಣದ ಅಳತೆಯೊಂದಿಗೆ ಹೋಲಿಸುವಾಗ ಈ ಬದಲಾವಣೆಯನ್ನು ಗಮನದಲ್ಲಿರಿಸಿಕೊಳ್ಳಬೇಕು.

(ಉ) ಬೆಳಕು ಸೂಸುವ ಸ್ಥಿತಿ: ಅಣುವು ಸಾಮಾನ್ಯವಾಗಿ ಅತಿ ಕೆಳಗಿನ ಉತ್ತೇಜಿತ ಸ್ಥಿತಿಯಿಂದಲೇ ಬೆಳಕನ್ನು ಸೂಸುತ್ತದೆ ಎಂಬ ನಿಯಮವನ್ನು ಮೈಕೇಲ್ ಕಾಶಾ 1950ರಲ್ಲಿ ತಿಳಿಸಿದರು. ಅಝುಲೀನ್ ಇದಕ್ಕೆ ಪ್ರಸಿದ್ಧ ಅಪವಾದ. ಅದು ಎರಡನೆಯ ಸ್ಥಿತಿಯಿಂದ ಬೆಳಕನ್ನು ಸೂಸುತ್ತದೆ. ಆದಕಾರಣ ಒಂದೇ ಸ್ಥಿತಿಯನ್ನು ಲೆಕ್ಕ ಹಾಕಿ ನಿಲ್ಲಿಸುವುದು ಸೂಕ್ತವಲ್ಲ.

10. ಅನುಸರಿಸಬೇಕಾದ ಹಂತಗಳು

(1) ತಳಸ್ಥಿತಿಯಲ್ಲಿ ಅಣುವಿನ ಆಕಾರವನ್ನು ಕನಿಷ್ಠ ಶಕ್ತಿಗೆ ತರುವುದು.
(2) ಕಂಪನಗಳನ್ನು ಲೆಕ್ಕ ಹಾಕಿ, ಕಾಲ್ಪನಿಕ ಆವರ್ತಾಂಕ ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳುವುದು.
(3) ಬೇಸಿಸ್ ಸೆಟ್ ಆರಿಸಿ, ಅದಕ್ಕಿಂತ ದೊಡ್ಡದರಲ್ಲಿಯೂ ಒಮ್ಮೆ ಪರಿಶೀಲಿಸುವುದು.
(4) ಅಗತ್ಯಕ್ಕಿಂತ ಕೆಲವು ಹೆಚ್ಚು ಸ್ಥಿತಿಗಳನ್ನು ಕೋರಿ ಲಂಬ ಉತ್ತೇಜನ ಶಕ್ತಿಯನ್ನು ಪಡೆಯುವುದು.
(5) ಪ್ರತಿ ಸ್ಥಿತಿಯಲ್ಲಿ ಎಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಸಾಗಿದೆ ಎಂಬುದನ್ನು ಕಕ್ಷಕಗಳ ಚಿತ್ರದಿಂದ ಪರೀಕ್ಷಿಸುವುದು.
(6) ಸಾಧ್ಯವಿದ್ದಲ್ಲಿ ಬೇರೆ ವರ್ಗದ ಇನ್ನೊಂದು ವಿಧಾನದಿಂದ ಫಲಿತಾಂಶವನ್ನು ತಾಳೆ ನೋಡುವುದು.
(7) ಅದೇ ಬಗೆಯ, ಪ್ರಯೋಗದ ಅಳತೆ ಲಭ್ಯವಿರುವ ಅಣುವೊಂದಕ್ಕೆ ಇದೇ ವಿಧಾನವನ್ನು ಅನ್ವಯಿಸಿ ದೋಷದ ಪ್ರಮಾಣವನ್ನು ಅರಿಯುವುದು.

ಕೊನೆಯ ಹಂತಕ್ಕೆ ನೆರವಾಗುವಂತೆ ವಾಲ್ಟರ್ ಥೀಲ್ ಅವರ ತಂಡವು 2008ರಲ್ಲಿ 28 ಸಾವಯವ ಅಣುಗಳ ಪ್ರಮಾಣಕ ಪಟ್ಟಿಯನ್ನು ಪ್ರಕಟಿಸಿತು. 2018ರಿಂದೀಚೆಗೆ ಫ್ರಾನ್ಸಿನ ಲೂಸ್ ಮತ್ತು ಜಾಕ್ಮಾ ಅವರು ಸಿದ್ಧಪಡಿಸಿರುವ ಕ್ವೆಸ್ಟ್ ಎಂಬ ಸಂಗ್ರಹವೂ ಉಪಯುಕ್ತವಾಗಿದೆ.

11. ತಂತ್ರಾಂಶ ಮತ್ತು ಗಣಕ ಸೌಲಭ್ಯ

ಸೈ4, ಪೈಎಸ್‌ಸಿಎಫ್, ಎನ್‌ಡಬ್ಲ್ಯುಕೆಮ್ ಮತ್ತು ಓಪನ್‌ಮೋಲ್ಕಾಸ್ ತಂತ್ರಾಂಶಗಳು ಮುಕ್ತವಾಗಿ ಹಾಗೂ ಉಚಿತವಾಗಿ ದೊರೆಯುತ್ತವೆ. ಓರ್ಕಾ ತಂತ್ರಾಂಶವು ಶೈಕ್ಷಣಿಕ ಬಳಕೆಗೆ ಉಚಿತ. ಗೌಸಿಯನ್ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿರುತ್ತದೆ. ಇದರ ಮೊದಲ ಆವೃತ್ತಿಯನ್ನು 1970ರಲ್ಲಿ ಜಾನ್ ಪೋಪಲ್ ಅವರ ತಂಡ ಹೊರತಂದಿತು. ಪೋಪಲ್ ಮತ್ತು ಕೋನ್ ಅವರಿಗೆ 1998ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಲಭಿಸಿತು.

ಫಾರ್ಮಾಲ್ಡಿಹೈಡ್‌ನಂತಹ ಸಣ್ಣ ಅಣುವಿನ ಗಣನೆಯನ್ನು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿಯೇ ಮಾಡಬಹುದು. ದೊಡ್ಡ ಗಣನೆಗಳಿಗೆ ಸೂಪರ್ ಕಂಪ್ಯೂಟರ್ ಅಗತ್ಯವಾಗುತ್ತದೆ. ಕೇಂದ್ರ ಸರ್ಕಾರವು 2015ರಲ್ಲಿ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಅನ್ನು ಅನುಮೋದಿಸಿತು. ಅದರ ಅಡಿಯಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಗಣಕವನ್ನು 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿಸಲಾಯಿತು.

12. ಅರ್ಜಿಯೊಂದಿಗೆ ನಮೂದಿಸುವುದು ಸೂಕ್ತವಾದ ವಿವರಗಳು

ಅಣುವಿನ ಹೆಸರು ಮತ್ತು ಪರಮಾಣುಗಳ ಸಂಖ್ಯೆ. ಉದ್ದೇಶಿತ ವಿಧಾನ, ಬೇಸಿಸ್ ಸೆಟ್ ಹಾಗೂ ಫಂಕ್ಷನಲ್. ಅವುಗಳನ್ನು ಆರಿಸಿದ ಕಾರಣ. ಸಣ್ಣ ಮಾದರಿ ಗಣನೆಗೆ ತಗುಲಿದ ಕಾಲ ಮತ್ತು ಅದರಿಂದ ಅಂದಾಜಿಸಿದ ಒಟ್ಟು ಕಾಲ. ನಿರೀಕ್ಷಿತ ದೋಷದ ಪ್ರಮಾಣ. ಫಲಿತಾಂಶವನ್ನು ಯಾವ ಪ್ರಯೋಗದೊಂದಿಗೆ ಹೋಲಿಸಲಾಗುವುದು ಎಂಬ ವಿವರ. ಮಾದರಿ ಗಣನೆಯನ್ನು ಮಾಡದೆ ಕೇವಲ ಅಂದಾಜಿನಿಂದ ಕಾಲವನ್ನು ನಮೂದಿಸಿದಲ್ಲಿ ಮಂಜೂರಾದ ಸಮಯವು ಕೆಲಸದ ಮಧ್ಯದಲ್ಲಿಯೇ ಮುಗಿದುಹೋಗುವ ಸಂಭವವಿರುತ್ತದೆ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅತಿ ದುಬಾರಿ ವಿಧಾನವೇ ಯಾವಾಗಲೂ ಉತ್ತಮವೇ?
ಉತ್ತರ: ಇಲ್ಲ. ಬಂಧ ಮುರಿಯುವ ಪ್ರಕ್ರಿಯೆಗೆ ದುಬಾರಿಯಾದ ಏಕವಿನ್ಯಾಸ ವಿಧಾನವೂ ತಪ್ಪು ಉತ್ತರ ನೀಡಬಹುದು. ಪ್ರಶ್ನೆಗೆ ತಕ್ಕ ವಿಧಾನವನ್ನು ಆರಿಸುವುದು ಮುಖ್ಯ.

ಪ್ರಶ್ನೆ: ಗಣನೆಯ ಸಂಖ್ಯೆಯು ಪ್ರಯೋಗದೊಂದಿಗೆ ಸರಿಯಾಗಿ ಹೊಂದಿದಲ್ಲಿ ವಿಧಾನವು ಸರಿಯೆಂದು ತಿಳಿಯಬಹುದೇ?
ಉತ್ತರ: ಅಷ್ಟರಿಂದಲೇ ತಿಳಿಯುವಂತಿಲ್ಲ. ಎರಡು ತಪ್ಪುಗಳು ಒಂದನ್ನೊಂದು ರದ್ದುಪಡಿಸಿರುವ ಸಾಧ್ಯತೆ ಇರುತ್ತದೆ. ಒಂದೇ ಬಗೆಯ ಹಲವು ಅಣುಗಳಲ್ಲಿ ಹೊಂದಿಕೆಯಾಗಿದ್ದಲ್ಲಿ ಮಾತ್ರ ವಿಶ್ವಾಸವಿಡಬಹುದು.

ಪ್ರಶ್ನೆ: ಗಣಿತ ಹಿನ್ನೆಲೆ ಇಲ್ಲದವರು ಕಲಿಯಬಹುದೇ?
ಉತ್ತರ: ಪದವಿ ಮಟ್ಟದ ರಸಾಯನಶಾಸ್ತ್ರ ತಿಳಿದವರು ಮೊದಲು ಫಾರ್ಮಾಲ್ಡಿಹೈಡ್ ಮತ್ತು ಎಥಿಲೀನ್‌ನಂತಹ ಅಣುಗಳಿಂದ ಆರಂಭಿಸಿ ಕ್ರಮೇಣ ಮುಂದುವರಿಯಬಹುದು.

14. ಗಮನಿಸಿ

ಗಣನೆಯಿಂದ ದೊರೆತ ಫಲಿತಾಂಶವು ಅಳತೆಯಲ್ಲ. ಅದು ಅಂದಾಜು ಮಾತ್ರ. ಯಾವುದೇ ಲೇಪನ, ಬಣ್ಣ ಅಥವಾ ಔಷಧವು ಬೆಳಕಿನಲ್ಲಿ ಸುರಕ್ಷಿತವೆಂದು ಗಣನೆಯೊಂದರಿಂದಲೇ ಘೋಷಿಸತಕ್ಕದ್ದಲ್ಲ. ಹತ್ತು ಅಣುಗಳ ಪೈಕಿ ಯಾವ ಎರಡನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿ ಪರೀಕ್ಷಿಸಬೇಕೆಂದು ತೀರ್ಮಾನಿಸಲು ಗಣನೆಯು ಸಹಕಾರಿ. ಅಂತಿಮ ತೀರ್ಮಾನವು ಪ್ರಯೋಗದಿಂದಲೇ ಆಗಬೇಕಾಗಿರುತ್ತದೆ.